ಮೂರನೇ ಸಿಲಿಂಡರ್

ಮಾರ್ಚ್ 3, ಬೆಳಿಗ್ಗೆ

ಮತ್ತೆ ಕಾಫಿ ಚೆಲ್ಲಿದೆ, ಪುಟದ ಮೇಲೇ. ಬಲಗೈ ಇವತ್ತು ಜಾಸ್ತಿ ನಡುಗ್ತಾ ಇದೆ. ಅಕ್ಷರವೋ, ಕೋಳಿ ಕೆದರಿದ ಹಾಗೆ. ದಿನಾ ಬರೀರಿ, ಕೈಗೆ ವ್ಯಾಯಾಮ ಅಂತಾರೆ ಡಾಕ್ಟರು. ಬರೀತಿದೀನಿ.

ಮಗಳು ಕಾರು ಅಂಗಳದಲ್ಲಿ ಬಿಟ್ಟು ಬಸ್ಸಿಗೆ ಓಡಿದ್ಲು. ನನ್ನ ಹಳೇ ಕಾರು. ಕೈ ಹೀಗಾದ ಮೇಲೆ ಅವಳದ್ದು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು ಕಟ್ಟು ಕಟ್ಟೋ ನರ್ಸ್ ಅವಳು.

"ಅಪ್ಪ, ದಿಬ್ಬ ಹತ್ತೋದೇ ಇಲ್ಲ ಅಂತಿದೆ. ನಿಂತಲ್ಲೇ ಗಡಗಡ. ಇಂಜಿನ್ ಲೈಟು ಮಿಣಮಿಣ. ಹಿಂದೆ ಕೊಳೆತ ಮೊಟ್ಟೆ ವಾಸನೆ."

ನನಗೂ ಕಾರಿಗೂ ಒಂದೇ ಕಾಯಿಲೆ ಅಂದೆ. ನಗಲಿಲ್ಲ. ತಿಂಗಳ ಕೊನೆಗೆ ಹೊಗೆ ತಪಾಸಣೆ. ಫೇಲಾದ್ರೆ ಕಾರು ರಸ್ತೆಗೆ ಇಳಿಯೋ ಹಾಗಿಲ್ಲ. ಕಾರಿಲ್ಲದಿದ್ರೆ ಅವಳನ್ನ ಆಸ್ಪತ್ರೆ ವಾರ್ಡಿಗೆ ಹಾಕ್ತಾರೆ. ದಾರಿ ನೋಡ್ತಾ ಮಲಗಿರೋ ಅವಳ ಮುದುಕರು, ಮುದುಕಿಯರು ಯಾರ ಪಾಲೋ.

ಬಿಡ್ತೀನಾ? ಈ ಊರಿನ ಅರ್ಧ ಕಾರುಗಳ ಹೊಟ್ಟೆ ಬಗೆದು ನೋಡಿದ ಮೆಕ್ಯಾನಿಕ್ ನಾನು.

ಮಾರ್ಚ್ 4

ಸ್ಕ್ಯಾನರ್ ಹಾಕಿದೆ. ಎರಡು ದೂರು. ಮೂರನೇ ಸಿಲಿಂಡರ್ ಮಿಸ್‌ಫೈರ್. ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡ್ತಿಲ್ಲ.

ಮೊದಲನೆಯದರಿಂದಲೇ ಎರಡನೆಯದು. ಮೂರನೇ ಸಿಲಿಂಡರ್ ಸುಡದೇ ಬಿಟ್ಟ ಪೆಟ್ರೋಲು ಹೊಗೆ ಕೊಳವೆಗೆ ಹೋಗಿ ಕನ್ವರ್ಟರ್ ಒಳಗೆ ಉರಿಯುತ್ತೆ. ಹೊಗೆ ಶುದ್ಧ ಮಾಡೋ ಜೇನುಗೂಡಿನಂಥ ತುಂಡು ಅಲ್ಲಿರುತ್ತಲ್ಲ, ಅದು ಕರಗಿ ದಾರಿ ಕಟ್ಟಿಕೊಳ್ಳುತ್ತೆ. ಉಸಿರೇ ಕಟ್ಟಿದ್ರೆ ದಿಬ್ಬ ಹತ್ತೋದೆಲ್ಲಿಂದ? ಮಿಸ್‌ಫೈರ್ ಸರಿ ಮಾಡದೆ ಕನ್ವರ್ಟರ್ ಬದಲಾಯಿಸಿದ್ರೆ ಹೊಸದೂ ಸುಟ್ಟುಹೋಗುತ್ತೆ.

ತಲೇಲಿ ಎಲ್ಲಾ ಸ್ಪಷ್ಟ. ಕೈಯಲ್ಲಿ...? ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲ್ ಬಿಚ್ಚೋಕೆ ಹೋದೆ. ಬೋಲ್ಟ್ ಜಾರಿ ಇಂಜಿನ್ ಸಂದಿಗೆ ಬಿತ್ತು. ಇನ್ನೊಂದೂ ಬಿತ್ತು.

ಇವಳು, ನನ್ನ ಹೆಂಡತಿ, ಬಾಗಿಲಲ್ಲಿ ನಿಂತು ನೋಡ್ತಿದ್ದಳು. ಬಂದು ಸ್ಪಾನರ್ ಕಿತ್ತುಕೊಂಡ್ಲು.

"ಹೇಳಿ, ಎಲ್ಲಿ?"

"ಬಟ್ಟೆಯೆಲ್ಲ ಮಸಿ ಆಗುತ್ತೆ ಕಣೇ."

"ಮದುವೆಯಾದಾಗಿಂದ ನಿಮ್ಮ ಮಸಿ ಬಟ್ಟೆನೇ ಒಗೀತಿದೀನಿ. ಈಗ ಹೆದರ್ತೀನಾ? ಎಲ್ಲಿ, ಹೇಳಿ."

ಜೀವಮಾನವೆಲ್ಲ ಹೊಲಿಗೆ ಮಿಷನ್ ಮುಂದೆ ಕೂತವಳು. ಬಾನೆಟ್ ಒಳಗೆ ತಲೆ ಹಾಕಿದ್ದು ಇದೇ ಮೊದಲು.

ಮಾರ್ಚ್ 6

ಮೂರನೇ ಕಾಯಿಲ್ ತೆಗೆದು ಎರಡಕ್ಕೆ ಹಾಕಿಸಿದೆ, ಎರಡನೇದು ಮೂರಕ್ಕೆ. ಕಾಯಿಲ್ ಕೆಟ್ಟಿದ್ರೆ ದೂರೂ ಅದರ ಜೊತೆ ಎರಡಕ್ಕೆ ಹೋಗ್ಬೇಕು. ಹೋಗಲಿಲ್ಲ. ಪ್ಲಗ್ ಅದಲುಬದಲು. ಊಹೂಂ. ಮೂರೇ. ಹಠಮಾರಿ.

ಪ್ಲಗ್ ಬಿಗಿ ಮಾಡುವಾಗ "ಸಾಕು, ಸಾಕು!" ಅಂತ ಬೊಬ್ಬೆ ಹಾಕಿದೆ.

"ನೀವು ಹಾಗೆ ಕೂಗಿದ್ರೆ ನನ್ನ ಕೈಯೂ ನಡುಗುತ್ತೆ" ಅಂದ್ಲು.

ಆಮೇಲೆ ಬೆರಳಲ್ಲೇ ತೋರಿಸಿದೆ.

ಮಾರ್ಚ್ 9, ಸಂಜೆ

ಶಿಷ್ಯ ಬಂದಿದ್ದ. ನನ್ನ ಹತ್ತಿರ ಕೆಲಸ ಕಲಿತವನು, ಈಗ ಅವನದೇ ಗ್ಯಾರೇಜ್. ಕಂಪ್ರೆಶನ್ ಗೇಜ್ ಹಚ್ಚಿ ಸಿಲಿಂಡರ್ ಒಳಗಿನ ಒತ್ತಡ ನೋಡಿದ. ಮೂರನೇದು ಉಳಿದವಕ್ಕಿಂತ ಸ್ವಲ್ಪ ಕಮ್ಮಿ.

"ವಾಲ್ವ್ ಸುಟ್ಟಿರಬೇಕು ಗುರುಗಳೇ. ಇಂಜಿನ್ ಬಿಚ್ಚಬೇಕು. ಈ ವಯಸ್ಸಿನ ಗಾಡಿಗೆ..."

ನನಗೂ ಹಾಗೇ ಅನಿಸಿತ್ತು. ಗುಜರಿಗೆ ಕೊಟ್ಟುಬಿಡೋಣ ಅಂದೆ. ಮಗಳು ಕಾರಿನ ಕೀಲಿ ಮೊಳೆಗೆ ಸಿಕ್ಕಿಸಿ ಒಳಗೆ ಹೋದ್ಲು. ಬೈದಿದ್ರೆ ವಾಸಿಯಿತ್ತು.

ಇವಳು ಮಾತ್ರ, "ಸ್ವಲ್ಪ ಕಮ್ಮಿಯಾಗಿದ್ದಕ್ಕೆ ಇಷ್ಟೊಂದು ನಡುಕವಾ? ನನಗೇನೋ ನಂಬಿಕೆ ಇಲ್ಲ."

"ನಿನಗೇನು ಗೊತ್ತು? ಇದು ಹೊಲಿಗೆ ಅಲ್ಲ" ಅಂದೆ. ಶಿಷ್ಯನ ಎದುರಿಗೇ.

ಸ್ಪಾನರ್ ಒರೆಸಿ ಟೇಬಲ್ ಮೇಲಿಟ್ಟು ಹೋದ್ಲು.

ಮಾರ್ಚ್ 16

ಬರೆಯೋಕೆ ಮನಸ್ಸಿರಲಿಲ್ಲ. ಮನೇಲಿ ತಟ್ಟೆ ಲೋಟದ್ದೇ ಸದ್ದು. ಮಗಳು ಬಸ್ಸು ಹತ್ತಿ ಇಳಿದು ಸುಸ್ತಾಗಿ ಬರ್ತಾಳೆ, ಅರ್ಧ ಮನೆಗಳಿಗೆ ಹೋಗೋಕೇ ಆಗ್ತಿಲ್ಲ. ಗುಜರಿಯವನು ನಾಳೆ ಬರೋದು ಅಂತಾಗಿತ್ತು.

ಮಧ್ಯಾಹ್ನ ಮಲಗಿದ್ದೆ. ಅಂಗಳದಲ್ಲಿ ಇಂಜಿನ್ ಸ್ಟಾರ್ಟ್ ಆಯ್ತು. ಓಡಿದೆ. ಅಂದ್ರೆ ನನ್ನ ಓಟ. ಇವಳು ಬಾನೆಟ್ ಎತ್ತಿ ಒಳಗೆ ಬಗ್ಗಿದಾಳೆ.

"ರೀ, ಬನ್ನಿ. ಏನೂ ಮಾತಾಡಬೇಡಿ. ನೋಡಿ."

ಮೂರನೇ ಕಾಯಿಲ್‌ಗೆ ಹೋಗೋ ವೈರನ್ನ ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದ್ಲು. ಗಡಗಡ. ನೇರ ಮಾಡಿದ್ಲು. ನುಣ್ಣಗೆ. ಮತ್ತೆ ಬಗ್ಗಿಸಿದ್ಲು. ಗಡಗಡ.

ನಾನೂ ಬಗ್ಗಿ ವೈರಿನ ಹತ್ತಿರ ಮುಖ ತಂದೆ.

"ನನ್ನ ಮಿಷನ್ನಿನ ಪೆಡಲ್ ವೈರು ಹೀಗೇ ಆಗಿತ್ತು. ಮೇಲೆ ನೆಟ್ಟಗಿತ್ತು, ಒಳಗೆ ತುಂಡಾಗಿತ್ತು. ಇದನ್ನೂ ಸವರಿ ನೋಡಿದೆ. ಇಲ್ಲೊಂದು ಕಡೆ ಮೆತ್ತಗೆ ಸಿಕ್ಕಿತು."

ಕಾಯಿಲ್ ಬದಲಾಯಿಸಿದ್ವಿ. ಪ್ಲಗ್ ಬದಲಾಯಿಸಿದ್ವಿ. ವೈರು ಇದ್ದ ಜಾಗದಲ್ಲೇ ಇತ್ತಲ್ಲ! ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಒಳಗಿನ ತಂತಿ ಕಡಿದಿದೆ. ಕಿಡಿ ಒಮ್ಮೆ ಬರುತ್ತೆ, ಒಮ್ಮೆ ಇಲ್ಲ. ಇನ್ನು ಕಂಪ್ರೆಶನ್... ಒತ್ತಡ ಸೋರದ ಹಾಗೆ ತಡೆಯೋ ಸಿಲಿಂಡರ್ ಗೋಡೆಯ ಆಯಿಲನ್ನ ಸುಡದ ಪೆಟ್ರೋಲು ತೊಳೆದುಬಿಟ್ಟಿತ್ತು. ಅಷ್ಟೇ. ವಾಲ್ವ್ ಕಲ್ಲಿನ ಹಾಗಿದೆ.

ಅವಮಾನ ಆಗ್ಬೇಕಿತ್ತು. ಆಗಲಿಲ್ಲ. ಸಂತೋಷಕ್ಕೆ ಕುಣಿಯೋದೊಂದು ಬಾಕಿ. ಮಗಳಿಗೆ ಫೋನ್ ಮಾಡಿ ಕಿರುಚಿದೆ, "ನಿಮ್ಮಮ್ಮ ಹಿಡಿದುಬಿಟ್ಲು ಕಣೇ!"

ಆಮೇಲೆ ಇವಳ ಕಡೆ ತಿರುಗಿ, "ಅವತ್ತು ಹಾಗೆ ಅನ್ನಬಾರದಿತ್ತು" ಅಂದೆ.

"ಅದಿರಲಿ. ಮೊದಲು ಗುಜರಿಯವನಿಗೆ ಬರಬೇಡ ಅನ್ನಿ."

ಮಾರ್ಚ್ 17

ವೈರು ಜೋಡಿಸಿದ್ಲು. ನಾನು ಸ್ಟೂಲ್ ಮೇಲೆ ಕೂತು ಹೇಳ್ತಾ ಹೋದೆ — ಇಷ್ಟೇ ಸುಲಿ, ಎಳೆ ತುಂಡಾಗಬಾರದು, ಈಗ ಸೀಸ ಕರಗಿಸಿ ಬೆಸೆ, ಈಗ ರಬ್ಬರ್ ಕೊಳವೆ ಮೇಲೆಳೆದು ಕಾಯಿಸು, ಕುಗ್ಗಿ ಕೂರುತ್ತೆ. ಪಟ್ಟಿಗೆ ತಾಗದ ಹಾಗೆ ದೂರಕ್ಕೆ ಕಟ್ಟಿದ್ಲು. ಎಲ್ಲಿ ಸೇರಿಸಿದಾಳೆ ಅಂತ ಹುಡುಕಬೇಕು. ನಾನು ಒಳ್ಳೇ ದಿನಗಳಲ್ಲೂ ಇಷ್ಟು ಚೊಕ್ಕವಾಗಿ ಮಾಡಿದವನಲ್ಲ.

ಮಾರ್ಚ್ 21

ಶಿಷ್ಯನ ಗ್ಯಾರೇಜಿಗೆ ಮೂವರೂ ಹೋದ್ವಿ. ಕನ್ವರ್ಟರ್ ಬಿಚ್ಚಿ ಅಲ್ಲಾಡಿಸಿದ. ಒಳಗೆ ಕಲ್ಲು ಸಕ್ಕರೆ ಡಬ್ಬಿ ಸದ್ದು.

"ಒಳಗಿನದನ್ನ ಒಡೆದು ಖಾಲಿ ಕೊಳವೆ ಮಾಡಿ ಕೂರಿಸಿಬಿಡಲಾ? ಗಾಡಿ ಹಾರುತ್ತೆ."

ಮಗಳು ಗಟ್ಟಿಯಾಗಿ ಹೇಳಿದ್ಲು, "ಬೇಡ ಅಣ್ಣ. ಉಸಿರಾಡೋಕೆ ಕಷ್ಟಪಡೋರ ಕಿಟಕಿ ಕೆಳಗೆ ನಿಲ್ಲೋ ಗಾಡಿ ಇದು. ಹೊಸದೇ ಹಾಕಿ."

ಅವನು ನನ್ನ ಮುಖ ನೋಡಿದ. ನಾನು ಮಗಳ ಮುಖ ನೋಡ್ತಿದ್ದೆ.

ಹೊಸದು ಹಾಕಿದ. ಬಾನೆಟ್ ಮುಚ್ಚೋ ಮುಂಚೆ ವೈರು ಕಣ್ಣಿಗೆ ಬಿತ್ತು. "ಗುರುಗಳೇ, ಈ ಜಾಯಿಂಟ್... ಕೈ ಸರಿಹೋಯ್ತಾ?"

"ಕೆಲಸ ನಿಮ್ಮ ಅಕ್ಕಂದು. ಹಿಡಿದಿದ್ದೂ ಅವಳೇ."

ಇವಳು ಸೆರಗಲ್ಲಿ ಕೈ ಒರೆಸಿಕೊಳ್ತಾ ಎತ್ತಲೋ ನೋಡಿದ್ಲು. ನನ್ನ ಎದೆ ಮಾತ್ರ ಅಂಗಿಯಲ್ಲಿ ಹಿಡಿಸಲಿಲ್ಲ.

ಮಾರ್ಚ್ 28

ಪಾಸ್! ತಪಾಸಣೆಯವನು ಚೀಟಿ ಎರಡು ಸಲ ನೋಡಿದ. ಈ ಗಾಡಿಗೆ ಇಷ್ಟು ಕಮ್ಮಿ ಹೊಗೆಯಾ ಅಂತ. ಮೂರೂ ಜನ ದಿಬ್ಬ ಹತ್ತಿದ್ವಿ. ಮೇಲೆ ಮಗಳು ಒಂದು ಮನೆ ಮುಂದೆ ನಿಲ್ಲಿಸಿದ್ಲು. ಕಿಟಕೀಲಿ ಒಬ್ರು ಅಜ್ಜಿ, ಎರಡೂ ಕೈ ಎತ್ತಿ ಬೀಸ್ತಿದ್ರು.

ಏಪ್ರಿಲ್ 5, ಸಂಜೆ

ಬ್ರೆಡ್ ಅಂಗಡಿಯವನು ವ್ಯಾನ್ ತಂದಿದಾನೆ. ನಿಂತಲ್ಲೇ ನಡುಗುತ್ತಂತೆ. ಬಾಗಿಲು ತೆಗೆದೆ. ನನ್ನ ಭುಜದ ಮೇಲಿಂದ ಇಣುಕಿ ಕೇಳ್ತಾನೆ, "ಅಕ್ಕ ಇಲ್ವಾ?"

ಇದಾರಪ್ಪ, ಇದಾರೆ.

ಆಗಲೇ ಬಾನೆಟ್ ಒಳಗಿದಾಳೆ. ನನ್ನ ಹಳೇ ಅಂಗಿ ಸೀರೆ ಮೇಲೆ. ನಾನು ಬಂದು ಇಷ್ಟು ಬರೆಯೋಣ ಅಂತ ಕೂತರೆ...

"ರೀ, ಟಾರ್ಚ್ ಹಿಡೀರಿ ಬನ್ನಿ!"

ಬೆಳಕು ಕುಣಿಯುತ್ತೆ ಕಣೇ, ನನ್ನ ಕೈಯಲ್ಲಿ — ಅಂತ ಇಲ್ಲಿಂದಲೇ ಕೂಗಿದೆ.

"ಎರಡೂ ಕೈಯಲ್ಲಿ ಹಿಡೀರಿ. ನೀವಿಲ್ಲದೆ ನನಗೆ ಇಲ್ಲಿ ಒಂದೂ ಗೊತ್ತಾಗ್ತಿಲ್ಲ."

ಸುಳ್ಳುಬುರುಕಿ. ಎಲ್ಲಾ ಗೊತ್ತಾಗಿರುತ್ತೆ ಅವಳಿಗೆ. ಮತ್ತೆ ಕೂಗ್ತಾ ಇದಾಳೆ. ಬ್ರೆಡ್‌ನವನಿಗೆ ಮೊದಲು ಹೇಳ್ಬೇಕು, ಇವಳು ಹೇಗೆ ಆ ವೈರನ್ನ ಎರಡೇ ಬೆರಳಲ್ಲಿ — ಬಂದೆ, ಬಂದೆ!