ಶೇಖರಕ್ಕ ಕೇಳಿದ ಬಡಿತ

೪ ಮಾರ್ಚ್ ೧೯೩೯. ವಿರೂಪಾಪುರಗಡ್ಡಿ. ಬೆಳಿಗ್ಗೆ.

ತೊಟ್ಟಿಯ ನೀರು ಅರ್ಧ ತೆಗೆದು ಹೊಳೆನೀರು ತುಂಬಿಸಿದೆ. ಮೀನು ಚೇತರಿಸಿಕೊಂಡಿದೆ. ಆಗಾಗ ಮೇಲೆ ಬಂದು ಬಾಯ್ತುಂಬ ಗಾಳಿ ನುಂಗಿ ಮತ್ತೆ ತಳಕ್ಕೆ. ಮೇಲೆ ಬರಲು ಬಿಡದಿದ್ದರೆ ಸಾಯುತ್ತದೆ — ಮೀನಾಗಿಯೂ ನೀರಲ್ಲಿ ಉಸಿರುಗಟ್ಟಿ.

ದಕ್ಷಿಣ ಅಮೆರಿಕದ ಎಲೆಕ್ಟ್ರಿಕ್ ಈಲ್. ಹೈದರಾಬಾದಿನ ನಮ್ಮ ಕಾಲೇಜಿಗೆ ಎರಡು ಬಂದವು. ನಲ್ಲಿ ನೀರು ಒಗ್ಗದೆ ಒಂದು ಸತ್ತಿತು. "ನಿಮ್ಮೂರಾಗ ಹೊಳಿ ಐತಲ್ಲ ಉಮಾಪತಿ, ಇದನ್ನ ಒಯ್ದು ಬದುಕಸಪಾ" ಎಂದರು ಪ್ರೊಫೆಸರ್ ವೆಂಕೋಬರಾಯರು. ಡೆಮಾನ್‌ಸ್ಟ್ರೇಟರ್ ನಾನು. ಒಲ್ಲೆ ಅನ್ನುವುದೆಲ್ಲಿ. ಕೊಪ್ಪಳದ ತನಕ ರೈಲು, ಆಮೇಲೆ ಬಂಡಿ, ಕೊನೆಗೆ ಹೊಳೆ ದಾಟಲು ಮದಾರಸಾಬನ ಹರಗೋಲು.

"ಹಾವು ಹೊತ್ತ ಹರಗೋಲಿಗೆ ನಾಳಿ ಯಾರ ಹತ್ತತಾರ್ರಿ?" ಬೈಯುತ್ತಲೇ ದಾಟಿಸಿದ.

ಅಕ್ಕ ಶೇಖರಮ್ಮ ತೊಟ್ಟಿಯತ್ತ ತಿರುಗಿಯೂ ನೋಡಲಿಲ್ಲ. ಮಗಳು ಪಂಪಾವತಿ ಹೋದ ಮೇಲೆ ಏನನ್ನೂ ನೋಡುವುದಿಲ್ಲ. ಭಾವ ತೀರಿಕೊಂಡಾಗ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಕಾರ್ತಿಕದಲ್ಲಿ ವಿಷಮಜ್ವರ — ಆ ಕೂಸೂ ಇಲ್ಲ. ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ.

೯ ಮಾರ್ಚ್.

ಎರಡು ತಂತಿ ನೀರಿಗಿಳಿಸಿ ಇಯರ್‌ಫೋನಿಗೆ ಜೋಡಿಸಿದೆ. ಮೀನು ಮಿಸುಕಿದಾಗಲೆಲ್ಲ ಟಕ್… ಟಕ್… ಸಣ್ಣ ಮಿಂಚು. ಯಾತಕ್ಕೆ ಬಿಡುತ್ತದೋ ಯಾರಿಗೂ ಗೊತ್ತಿಲ್ಲ. ಬೇಟೆಗೆ ಬಿಡುವುದು ಬೇರೆ — ಮನುಷ್ಯನನ್ನೂ ಕೆಡವೀತು.

ಚಹಾ ತಂದ ಅಕ್ಕ ನಿಂತಳು. "ಏನದು?" ಕಿವಿಗಿಟ್ಟೆ. ಮುಖ ಬಿಳಿಚಿಕೊಂಡಿತು.

"ಪಂಪೀದು."

"ಏನು?"

"ಎದಿ ಬಡಿತ. ನಮ್ಮ ಪಂಪೀದು."

"ಅಕ್ಕಾ, ಮೀನದು."

"ಮೀನಂತ ನನಗೂ ಗೊತ್ತೈತಿ ತಮ್ಮಾ. ಇನ್ನೊಂದೀಟು ಕೇಳ್ತೀನಿ. ಕಸಗೋಬ್ಯಾಡ."

೧೭ ಮಾರ್ಚ್.

ಅಕ್ಕ ತಲೆ ಬಾಚಿಕೊಂಡಿದ್ದಾಳೆ! ಎರಡು ರೊಟ್ಟಿ ಉಂಡಳು. ಕೆಲಸ ಮುಗಿಸಿ ತೊಟ್ಟಿಯ ಕಟ್ಟೆಗೆ ಬಂದು ಕೂರುತ್ತಾಳೆ, ಇಯರ್‌ಫೋನ್ ಹಿಡಿದು. ನನ್ನ ರೀಡಿಂಗ್ ಹಾಳು. ಹಾಳಾಗಲಿ.

೨೩ ಮಾರ್ಚ್. ಮಧ್ಯಾಹ್ನ.

ಗದ್ದೆಯಿಂದ ಬಂದೆ. ಅಕ್ಕ ಮೊಣಕೈ ತನಕ ಕೈಯನ್ನು ತೊಟ್ಟಿಯ ನೀರಿಗಿಳಿಸಿದ್ದಳು. ಮೀನು ಬೆರಳ ಹತ್ತಿರವೇ. ಎಳೆದು ಕೆಡವಿದೆ. ಬೈದೆ. ಸಾಯ್ತಿದ್ದಿ ಅಂದೆ.

"ಮೈ ಸುಡಾಕತ್ತೈತೇನಂತ ನೋಡಿದೆ. ಅಷ್ಟ."

ತೊಟ್ಟಿಗೆ ಹಲಗೆ ಮುಚ್ಚಿ, ಗಾಳಿಗೆ ಸಂದು ಬಿಟ್ಟೆ. ಆ ಮೀನನ್ನು ನೋಡಲು ನನಗೇ ಹೆದರಿಕೆ ಈಗ.

೨ ಏಪ್ರಿಲ್.

ಗಂಗಾವತಿ ಅಂಚೆಕಚೇರಿಯಿಂದ ತಾರು ಬಂತು. ಪ್ರೊಫೆಸರ್ ಬರುತ್ತಾರೆ. ಮೀನನ್ನು ಇಲ್ಲೇ ಕೊಯ್ಯುತ್ತಾರಂತೆ — ಅಂಗಾಂಶ ಹಸಿಯಾಗಿಯೇ ಬೇಕು. ಅಕ್ಕನಿಗೆ ಹೇಳಿಲ್ಲ.

೧೦ ಏಪ್ರಿಲ್.

ಬಂದರು. ಊಟವಾದ ಮೇಲೆ, ಬೇಡ ಸರ್, ಬಿಟ್ಟುಬಿಡೋಣ ಅಂದೆ.

"ಮಳಿಗಾಲದ ಕೆಂಪು ನೀರಿಗೆ ಇದು ಹ್ಯಾಂಗೂ ಉಳಿಯಂಗಿಲ್ಲಪಾ. ನರ ಎಲ್ಲಿ ಮುಗೀತೈತೋ ಅಲ್ಲಿಂದ ಹುಕುಂ ಮುಂದಕ್ಕ ಹ್ಯಾಂಗ ದಾಟತೈತಿ — ಮಿಂಚಾಗೋ, ರಸಾಯನ ಆಗೋ? ನಮ್ಮ ಎದಿ ಬಡಿಯೂದೂ ಅದರ ಮ್ಯಾಲ ಐತಿ. ಇನ್ನೊಂದು ಮೀನು ಎಲ್ಲಿಂದ ತರ್ತಿ?"

ಅಕ್ಕ ಬಾಗಿಲಲ್ಲಿದ್ದಳು. ಅಳುತ್ತಾಳೆ, ತೊಟ್ಟಿಗೆ ಅಡ್ಡ ನಿಲ್ಲುತ್ತಾಳೆ ಅಂದುಕೊಂಡೆ.

"ಕೊಯ್ಯೂ ಮುಂದ ನಾ ಕೇಳ್ತೀನ್ರಿ ರಾಯರ. ಕೊನೀತನಕ."

"ಬ್ಯಾಡವ್ವ ತಂಗಿ."

"ಅವತ್ತು ಪಂಪೀ ಎದಿ ಮ್ಯಾಲ ಕಿವಿ ಇಟ್ಟಕೊಂಡು ಮಲಗಿದ್ನಿರಿ. ಬಡಿತಿತ್ತು. ಎಷ್ಟು ದಿನದ ನಿದ್ದಿನೋ, ಕಣ್ಣು ಹತ್ತಿಬಿಡ್ತು. ಎಚ್ಚರಾದಾಗ ಸದ್ದಿಲ್ಲ. ಯಾವಾಗ ನಿಂತಿತೋ… ಅವ್ವಾ ಅಂತ ಕರದಿದ್ಲೋ ಏನೋ."

ಯಾರಿಗೂ ಹೇಳಿರಲಿಲ್ಲ ಇದನ್ನು. ನನಗೂ.

೧೧ ಏಪ್ರಿಲ್. ಸಂಜೆ.

ರಬ್ಬರ್ ಕೈಗವಸು ಹಾಕಿಕೊಂಡು ಮೀನನ್ನು ಹಸಿ ಹಲಗೆಯ ಮೇಲೆ ಮಲಗಿಸಿದೆವು. ಮೈಗೆ ತಂತಿ ತಾಗಿಸಿದೆ. ಅಕ್ಕ ಗೋಡೆಗೆ ಒರಗಿ ಕೂತಳು, ಇಯರ್‌ಫೋನ್ ಒತ್ತಿಕೊಂಡು. ಕಣ್ಣು ತೆರೆದೇ ಇತ್ತು. ರೆಪ್ಪೆ ಬಡಿಯಲಿಲ್ಲ.

ಪ್ರೊಫೆಸರ್ ತಲೆಯ ಹಿಂದೆ ಕತ್ತರಿಸಿದರು.

ಸ್ವಲ್ಪ ಹೊತ್ತು… ಅಕ್ಕ ಕೈ ಎತ್ತಿದಳು.

"ನಿಂತಿತು."

ಇಯರ್‌ಫೋನ್ ನನ್ನ ಕೈಗೆ ಕೊಟ್ಟಳು. ಮುಖ ತೊಳೆದು ಒಳಗೆ ಹೋದಳು. ಚಾಪೆ ಬಿಡಿಸಿದ ಸದ್ದು. ಮಲಗಿದಳು — ಹಾಡಹಗಲು, ಕೂಸಿನ ಹಾಗೆ.

ಆಮೇಲೆ ಪ್ರೊಫೆಸರ್ ಬಾಲದ ಕಡೆಯ ತುಂಡೊಂದನ್ನು ನರದ ಸಮೇತ ಬಿಡಿಸಿದರು. ಇಯರ್‌ಫೋನಿನ ತಂತಿ ಆ ತುಂಡಿಗೆ ತಾಗಿಸಿ ಕಿವಿಗಿಟ್ಟೆ. ಬ್ಯಾಟರಿಯ ತಂತಿ ಅವರು ನರಕ್ಕೆ ಮುಟ್ಟಿಸಿದರು.

ಟಕ್.

ಮತ್ತೆ ಮುಟ್ಟಿಸಿದರು. ಟಕ್. ಕೇಳಿಸಿತು ಸರ್ ಅಂದೆ.

"ಸತ್ತಿಲ್ಲೋ ಉಮಾಪತಿ! ಇನ್ನೂ ಸತ್ತಿಲ್ಲ ಇದು!" ಕೂಗಿಯೇ ಬಿಟ್ಟರು. ವಯಸ್ಸು ಮರೆತು ಕುಣಿದರು. ನಾನು ಒಳಬಾಗಿಲು ಎಳೆದೆ.

ಹೊತ್ತು ಇಳಿಯುವ ತನಕ ನಡೆಯಿತು. ಕೇಳಿದ್ದು ನಾನೊಬ್ಬನೇ. ಕರೆದಾಗಲೆಲ್ಲ ಓಗೊಟ್ಟಿತು.

೧೯ ಏಪ್ರಿಲ್.

ಪ್ರೊಫೆಸರ್ ಹೋದರು, ಸೀಸೆಗಳ ಸಮೇತ. ಅಕ್ಕ ಗದ್ದೆಗೆ ಹೋಗುತ್ತಾಳೆ. ನಿನ್ನೆ ಮದಾರಸಾಬನ ಕೂಡ ಜಗಳ ಆಡಿದಳು, ನಕ್ಕಳು ಕೂಡ. ಮನೆ ಮನೆಯಾಗಿದೆ.

ನನಗೇ ಏನೋ. ನೀರು ಕುಡಿಯಲು ತಂಬಿಗೆ ಎತ್ತಿದರೆ ಕಿವಿಗೆ ಹಿಡಿಯುತ್ತೇನೆ. ಪಂಪಿಯನ್ನು ಮಣ್ಣು ಮಾಡುವಾಗ ಕುಣಿಯೊಳಗೆ ಕೂರಿಸಿದ್ದು ನಾನೇ. ಎದೆಯ ಮೇಲೆ ಯಾರಾದರೂ ಮತ್ತೊಮ್ಮೆ ಕಿವಿಯಿಟ್ಟು ಕೇಳಿದ್ದರೆ… ಛೇ. ಡಾಕ್ಟರೇ ನೋಡಿದ್ದರು. ಮೀನು ಬೇರೆ, ಕೂಸು ಬೇರೆ. ನಾನು ಸೈನ್ಸ್ ಓದಿದವನು.

೨೩ ಏಪ್ರಿಲ್. ಬೆಳಿಗ್ಗೆ.

ಇವತ್ತು ಹೊರಡುವುದು. ಹರಗೋಲು ಬಂದಿಲ್ಲ ಇನ್ನೂ. ಹಾಸಿಗೆ ಸುತ್ತುತ್ತಿದ್ದೆ. ಅಕ್ಕ ಬುತ್ತಿ ಕಟ್ಟಿ ತಂದು ಎದುರಿಗೆ ಕೂತಳು.

"ಅವತ್ತು ನಿದ್ದಿಗಣ್ಣಾಗ ಕೇಳಿಸಿತು. ರಾಯರು ಏನೋ ಕೂಗಿದ್ರಲ್ಲ, ಏನಂದ್ರು?"

ಹಾಸಿಗೆಯ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ.

"ಉಮಾ. ಇಲ್ನೋಡು. ಖರೇ ಹೇಳು, ನಾ ಎದ್ದು ಒಳಗ ಹೋದ ಮ್ಯಾಲ ಅದು ಮತ್ತ ಬಡೀಲಿಲ್ಲ ಹೌದಿಲ್ಲೊ?"

ಕೈ ಹಿಡಿದಿದ್ದಳು. ಅವಳ ಕೈ ಬೆಚ್ಚಗಿತ್ತು. ನಾನು ಮುಖ ನೋಡಿ, "ಇಲ್ಲಕ್ಕಾ, ಮತ್ತ ಬಡೀಲಿಲ್ಲ" ಅಂದೆ.