ಮಿಸ್ ರೂಥಿಯವರ ಸಹಿ

ರಾಕ್‌ವಿಲ್
೯ ಅಕ್ಟೋಬರ್ ೧೯೯೬, ಬುಧವಾರ

ಪ್ರೀತಿಯ ಶೀಲಾ ಚಿಕ್ಕಮ್ಮ,

ಹರಿಣಿಯ ನಮಸ್ಕಾರ. ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡಿ. ನಿಮ್ಮ ಜೊತೆ ಮಾತಾಡುವಾಗಲೆಲ್ಲ ಮಧ್ಯದಲ್ಲಿ ಕಟಕ್ ಎಂದು ಸದ್ದಾಗುತ್ತದೆ. ಚಿಕ್ಕಪ್ಪ ಮಹಡಿಯ ಮೇಲಿನ ಫೋನ್ ಎತ್ತಿಕೊಂಡಿರುತ್ತಾರೆ ಅನ್ನುವುದು ನನ್ನ ಬಲವಾದ ಗುಮಾನಿ. ಇದು ಅವರ ಕಿವಿಗೆ ಬೀಳಬಾರದು. ಈ ಇಂಟರ್ನ್‌ಶಿಪ್ ಸಿಕ್ಕಿದ್ದೇ ಅವರ ಒಂದು ಮಾತಿನಿಂದ. ನಮ್ಮ ಚಿಕ್ಕಪ್ಪ ಡಾಕ್ಟರ್ ಗುರುದತ್ತ ಈ ಸಂಸ್ಥೆಯ ಹಳೆಯ ದಾನಿಗಳೆಂದು ಇಲ್ಲಿ ಎಲ್ಲರಿಗೂ ಗೊತ್ತು.

ನನ್ನ ಕೆಲಸವೇನೆಂದು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ಈ ಲಿಟಲ್ ಲ್ಯಾಂಟರ್ನ್ ಸಂಸ್ಥೆ ಇಲ್ಲಿನ ಮೂಲನಿವಾಸಿಗಳ ಊರುಗಳಲ್ಲಿ ಅವರೊಂದಿಗೆ ಸೇರಿ ಮಕ್ಕಳಿಗೆ ಸಂಜೆಯ ಪಾಠ ನಡೆಸುತ್ತದೆ. ನಾನು ಅಲ್ಲಿಗೆ ಹೋಗಿ ಮಕ್ಕಳ ಬಗ್ಗೆ ಬರೆದು ತರಬೇಕು, ಫೋಟೋ ತೆಗೆಯಬೇಕು, ಅದನ್ನು ಅಚ್ಚು ಹಾಕಲು ಮನೆಯ ಹಿರಿಯರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಎಲ್ಲ ಸೇರಿ ಕ್ರಿಸ್‌ಮಸ್ ಹೊತ್ತಿಗೆ ದಾನಿಗಳ ಮನೆಗೆ ಹೋಗುವ ಮನವಿಯಾಗುತ್ತದೆ.

ಹೋದ ತಿಂಗಳು ನನ್ನನ್ನು ನಾರ್ತ್ ಕೆರೊಲಿನಾಕ್ಕೆ ಕಳಿಸಿದರು. ಅಲ್ಲಿ ಮಿಸ್ ರೂಥಿ ಎಂಬ ಅಜ್ಜಿ (ವಯಸ್ಸಾದ ಹೆಂಗಸರನ್ನು ಆ ಕಡೆ ಹಾಗೇ ಕರೆಯುವುದು), ಅವರ ಮೊಮ್ಮಗಳು ಟೆಸ್ಸಾ. ಒಂಬತ್ತು ವರ್ಷ, ಮುಂದಿನ ಒಂದು ಹಲ್ಲಿಲ್ಲ, ನಗುವುದಕ್ಕೆ ನೆಪವೇ ಬೇಕಿಲ್ಲ. ಮೆಟ್ಟಿಲ ಮೇಲೆ ಕೂರಿಸಿ ಕ್ಲಿಕ್ಕಿಸಿದ್ದು ನಾನೇ. ಅಂಥ ಚಿತ್ರ ನನ್ನ ಕೈಯಲ್ಲಿ ಇನ್ನೊಂದು ಬರಲಾರದು, ಹೆಮ್ಮೆಯಿಂದಲೇ ಹೇಳುತ್ತೇನೆ. ಒಪ್ಪಿಗೆ ಪತ್ರ ಮುಂದಿಟ್ಟಾಗ ಮಾತ್ರ ಮಿಸ್ ರೂಥಿ ಬೇಡಮ್ಮ ಎಂದು ಮೆತ್ತಗೆ ಸರಿಸಿದರು. ಕಾರಣ ಹೇಳಲಿಲ್ಲ. ಆಮೇಲೆ ಬಿಸಿಬಿಸಿ ಜೋಳದ ಬ್ರೆಡ್ ಬಡಿಸಿದರು. ಸೊಪ್ಪಿನಲ್ಲಿ ಹಂದಿಮಾಂಸವಿದೆ ಎಂದು ತಾವಾಗಿಯೇ ಎಚ್ಚರಿಸಿ, ನನಗೆಂದು ಬೇರೆ ಬೀನ್ಸ್ ಬೇಯಿಸಿದರು. ಹೊರಟಾಗ ಹಿತ್ತಲಿನ ದ್ರಾಕ್ಷಿ ಒಂದು ಚೀಲ ಕೊಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ಅಚ್ಚಿಗೆ ಮುಂಚೆ ಕರಡು ಪ್ರತಿಯೊಂದನ್ನು ಆಯಾ ಮನೆಗೆ ಕಳಿಸುವುದು ಇಲ್ಲಿನ ಪದ್ಧತಿ. ಅದನ್ನು ನೋಡಿದ ಮಿಸ್ ರೂಥಿ ಈ ಸೋಮವಾರ ನಮ್ಮ ಮೇಲಧಿಕಾರಿ ಜೋನ್‌ಗೆ ಫೋನ್ ಮಾಡಿದ್ದಾರೆ. ತಾನು ಯಾವುದಕ್ಕೂ ಸಹಿ ಹಾಕಿಲ್ಲ, ನಿಲ್ಲಿಸಿ ಎಂದರಂತೆ. ಟೆಸ್ಸಾಳ ಅಪ್ಪ ಇರುವುದು ನಿಮ್ಮ ಅಟ್ಲಾಂಟಾದಲ್ಲೇ. ಮಗುವಿನ ಹತ್ತಿರ ಸುಳಿಯಬಾರದೆಂದು ಅವನಿಗೆ ಕೋರ್ಟಿನ ಆಜ್ಞೆಯಿದೆ. ಅವಳು ಎಲ್ಲಿದ್ದಾಳೆಂದು ಅವನಿಗೆ ಇವತ್ತಿನವರೆಗೂ ಗೊತ್ತಿಲ್ಲ. ಫೋಟೋದ ಕೆಳಗೆ ಹೆಸರೂ ಇದೆ, ಊರೂ ಇದೆ.

ಜೋನ್ ಫೈಲ್ ತೆಗೆಸಿದರು. ಒಪ್ಪಿಗೆ ಪತ್ರ ಇತ್ತು, ಅದರಲ್ಲಿ ಸಹಿಯೂ ಇತ್ತು. ಒಪ್ಪಿದ ಮೇಲೆ ಮನಸ್ಸು ಬದಲಾಯಿಸುವವರು ಬಹಳ, ಇದು ಅವರ ಸಹಿಯಲ್ಲ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ಮಾತ್ರ ನಿಲ್ಲಿಸುತ್ತೇನೆ ಎಂದರು. ಶುಕ್ರವಾರ ಬೆಳಿಗ್ಗೆ ನಲವತ್ತು ಸಾವಿರ ಪ್ರತಿ ಅಚ್ಚಾಗುತ್ತದೆ.

ಅಂದಿನಿಂದ ಈ ಆಫೀಸಿನಲ್ಲಿ ಯಾರನ್ನು ನಂಬಬೇಕೋ ತಿಳಿಯುತ್ತಿಲ್ಲ. ಫೈಲಿನ ಬೀರುವಿನ ಬೀಗದ ಕೈ ಇರುವುದು ಸಹೋದ್ಯೋಗಿ ಬ್ರಾಡ್ ಹತ್ತಿರ. ಅಚ್ಚಿನ ಕೆಲಸ ತಡವಾದರೆ ಬೈಸಿಕೊಳ್ಳುವವನೂ ಅವನೇ. ಮಾಡಿದರೆ ಅವನೇ ಮಾಡಿರಬೇಕು ಎಂದು ಮನಸ್ಸು ಹೇಳುತ್ತದೆ. ಇಷ್ಟು ದಿನ ಮಾತಾಡಿಸದವನು ನಿನ್ನೆ ನನಗೆ ತಾನಾಗಿ ತಿನ್ನಲು ಬೇಗಲ್ ತಂದುಕೊಟ್ಟ. ಯಾಕೆ ಹೇಳಿ? ಜೋನ್ ಈಗ ಬಾಗಿಲು ಹಾಕಿಕೊಂಡು ಫೋನ್ ಮಾಡುತ್ತಾರೆ. ನನ್ನ ನೋಟ್‌ಬುಕ್ ಮಂಗಳವಾರ ಮಧ್ಯಾಹ್ನ ಮೇಜಿನ ಮೇಲಿರಲಿಲ್ಲ, ಸಂಜೆ ನೋಡಿದರೆ ಇತ್ತು. ನನ್ನ ಅಕ್ಷರ ಅವರಿಗೇಕೆ ಬೇಕು? ಇಂಟರ್ನ್ ಎಂದರೆ ಎಲ್ಲದಕ್ಕೂ ಸಿಗುವ ತಲೆ, ತಪ್ಪನ್ನು ನನ್ನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಏರ್ಪಾಡು ನಡೆದಿದೆ.

ಸತ್ಯ ಹೇಳುತ್ತೇನೆ, ಒಮ್ಮೊಮ್ಮೆ ಮಿಸ್ ರೂಥಿಯ ಮೇಲೂ ಸಿಟ್ಟು ಬರುತ್ತದೆ. ಇಷ್ಟು ದೊಡ್ಡ ಕಾರಣವಿದ್ದರೆ ಆವತ್ತೇ ಬಾಯಿಬಿಟ್ಟು ಹೇಳಬಾರದಿತ್ತೇ? ಹಾಗೆಂದುಕೊಂಡ ಮರುಕ್ಷಣವೇ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ನೀವು ಹೇಳಿ, ನಾನೇನು ಮಾಡಲಿ? ಸುಮ್ಮನಿದ್ದರೆ ಈ ಇಂಟರ್ನ್‌ಶಿಪ್ ಮುಗಿದು ಕಾಲೇಜಿನ ಕೋರ್ಸ್ ಪೂರ್ತಿಯಾಗುತ್ತದೆ, ಚಿಕ್ಕಪ್ಪನ ಹೆಸರಿಗೂ ಮಸಿ ಹತ್ತುವುದಿಲ್ಲ.

ನಿಮ್ಮ ಪ್ರೀತಿಯ, ಸದ್ಯಕ್ಕೆ ಹೆದರಿ ಕೂತಿರುವ
ಹರಿಣಿ

ತಾ.ಕ. (ಗುರುವಾರ ಮಧ್ಯಾಹ್ನ)
ಕಾಗದವನ್ನು ಅಂಚೆಗೆ ಹಾಕೋಣವೆಂದು ಬೆಳಿಗ್ಗೆ ಮೆಟ್ರೋದಲ್ಲಿ ಇನ್ನೊಮ್ಮೆ ಓದಿದೆ. ಎಲ್ಲರ ಮೇಲೂ ಅನುಮಾನಪಟ್ಟಿದ್ದೇನೆ, ಒಬ್ಬಳನ್ನು ಬಿಟ್ಟು. ಚಿಕ್ಕಮ್ಮ, ಆ ಸಹಿ ಹಾಕಿದವಳು ನಾನು.

ನಮ್ಮ ಮನೆಗಳಲ್ಲಿ ಬಂದವರು ಕಾಫಿ ಬೇಡ ಎಂದರೆ ಯಾರಾದರೂ ನಂಬುತ್ತಾರೆಯೇ? ಎರಡು ಸಲ ಬೇಡ ಎನ್ನುವುದು ಮರ್ಯಾದೆ, ಮೂರನೆಯ ಸಲಕ್ಕೆ ಲೋಟ ಕೈಯಲ್ಲಿರುತ್ತದೆ. ಮಿಸ್ ರೂಥಿಯ ಬೇಡವೂ ಉಪಚಾರದ್ದೇ ಎಂದುಕೊಂಡೆ. ಬೇಯಿಸಿ ಬಡಿಸಿದವರು ಇಷ್ಟಕ್ಕೆ ಇಲ್ಲವೆನ್ನುತ್ತಾರೆಯೇ, ಇನ್ನೊಂದು ಸಲ ಕೇಳಿದ್ದರೆ ಒಪ್ಪುತ್ತಿದ್ದರು ಎಂದುಕೊಂಡೆ. ಅದನ್ನು ಕೇಳಲು ಮತ್ತೆ ಮುನ್ನೂರೈವತ್ತು ಮೈಲಿ ಯಾರು ಹೋಗುತ್ತಾರೆ ಎಂದು ಅವರ ಹೆಸರನ್ನು ನಾನೇ ಬರೆದೆ. ಆ ಫೋಟೋ ಬಿಡಲು ಮನಸ್ಸಾಗಲಿಲ್ಲ, ಅದೂ ನಿಜ.

ಹತ್ತು ಗಂಟೆಗೆ ಜೋನ್‌ಗೆ ಹೇಳಿದೆ. ನಲವತ್ತು ಸಾವಿರದ ಅಚ್ಚು ನಿಂತಿತು. ಮೇಜು ಖಾಲಿ ಮಾಡಲು ಹೇಳಿದ್ದಾರೆ. ಆದರೆ ಅಟ್ಲಾಂಟಾದ ಹಳೆಯ ದಾನಿಗಳಿಗೆ ಮುಂಚಿತವಾಗಿ ಹೋಗಲೆಂದು ಮೊದಲೇ ಅಚ್ಚಾಗಿದ್ದ ಮುನ್ನೂರು ಪ್ರತಿ ಮಂಗಳವಾರವೇ ಹೊರಟುಹೋಗಿವೆ. ಸೋಮವಾರ ನಾನು ಬಾಯಿಬಿಟ್ಟಿದ್ದರೆ ಅವೂ ಉಳಿಯುತ್ತಿದ್ದವು. ಚಿಕ್ಕಪ್ಪನ ಹೆಸರಿಗೂ ಒಂದು ಬರುತ್ತದೆ. ಬಂದ ಕೂಡಲೇ ಸುಟ್ಟುಬಿಡಿ. ಅವರಿಗೆ ಎಲ್ಲವನ್ನೂ ಹೇಳಿ, ಇನ್ನು ಮುಚ್ಚಿಡುವುದು ಬೇಡ.

ಮಿಸ್ ರೂಥಿಗೆ ನಾನೇ ಫೋನ್ ಮಾಡಿದೆ. ಬೈಯಲಿಲ್ಲ. ಎಷ್ಟು ಹೋಗಿವೆ, ಯಾವ ಊರಿಗೆ ಎಂದಷ್ಟೇ ಕೇಳಿದರು. ಟೆಸ್ಸಾಳನ್ನು ಶಾಲೆಯಿಂದ ಬಿಡಿಸಿ ನಾಳೆಯೇ ಮನೆ ಬಿಡುತ್ತಾರಂತೆ. ಎಲ್ಲಿಗೆ ಎಂದು ಕೇಳಿದೆ. ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನನಗೆ ಹೇಳುತ್ತಿರಲಿಲ್ಲ.