ಸವೆದ ಮಣೆ, ಓಬಳಿಯ ಬಾಗಿಲು

ಕುರಿನೆರಳು, ಚಳ್ಳಕೆರೆ ಸೀಮೆ
ಫೆಬ್ರವರಿ ೩೦, ೨೩೭೬

ನಮ್ಮ ಮನೆಯ ಒತ್ತುಮಣೆಯನ್ನು ಮೊದಲು ಕೊರೆದವರಿಗೆ ಗಾದ್ರಮ್ಮನ ಶರಣು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನವೇ ಇರಲಿಲ್ಲವೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆ ಒಂದು ತಿಂಗಳ ಮೇಲೆ ನಿಮಗೆ ಏನು ಸಿಟ್ಟಿತ್ತೋ ತಿಳಿಯದು. ನಾವು ಎಲ್ಲ ತಿಂಗಳಿಗೂ ಸಮವಾಗಿ ಹಂಚಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಕುರಿಗಳ ಉಣ್ಣೆ ಕತ್ತರಿಸುವುದಕ್ಕೆಂದು ಇಟ್ಟುಕೊಂಡಿದ್ದೇವೆ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ನಮ್ಮಲ್ಲಿ ವಯಸ್ಸಾದವರು ತಾವು ಕಣ್ಣು ಮುಚ್ಚುವ ಮೊದಲು ಒಂದು ಹಿಂದೋಲೆ ಬರೆಯಬೇಕು. ಹಿಂದೋಲೆಯೆಂದರೆ ನಮಗಿಂತ ಮುಂಚೆ ಬದುಕಿ ಹೋದವರಿಗೆ ಬರೆಯುವ ಕಾಗದ. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ಬರೆದೆಯಾ ಎಂದು ಮಾತ್ರ ಎಲ್ಲರೂ ಕೇಳುತ್ತಾರೆ. ಹೆಚ್ಚಿನವರು ತಮ್ಮ ಅಜ್ಜಿಗೋ ಮುತ್ತಜ್ಜನಿಗೋ ಬರೆದು ಮುಗಿಸುತ್ತಾರೆ. ನನಗೆ ಮಾತಾಡಬೇಕಾಗಿರುವುದು ನಿಮ್ಮ ಹತ್ತಿರ. ನಿಮ್ಮ ಹೆಸರು ಗೊತ್ತಿಲ್ಲ, ನೀವು ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ನಿಮ್ಮ ಮರದ ಕೆಲಸ ಮಾತ್ರ ಚೆನ್ನಾಗಿ ಗೊತ್ತು.

ಮೊದಲು ನಮ್ಮ ಊರಿನ ವಿಚಾರ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಿಮ್ಮವರು ಈ ಬಯಲಿನ ತುಂಬ ಬಿಸಿಲು ಹೀರುವ ಕಪ್ಪು ಹಲಗೆಗಳನ್ನು ನೆಟ್ಟು ಹೋಗಿದ್ದಾರಲ್ಲ, ಅವುಗಳಲ್ಲಿ ಅರ್ಧಕ್ಕರ್ಧ ಈಗ ಕರೆಂಟು ಕೊಡುವುದಿಲ್ಲ, ನೆರಳು ಕೊಡುತ್ತವೆ. ಆ ನೆರಳಿನಲ್ಲಿ ಹುಲ್ಲು ಬೆಳೆಯುತ್ತದೆ, ಹುಲ್ಲಿಗೆ ಕುರಿ ಬರುತ್ತದೆ, ಕುರಿಯ ಹಿಂದೆ ನಾವು ಬಂದೆವು. ಊರಿಗೆ ಕುರಿನೆರಳು ಎಂದು ಹೆಸರಾದದ್ದು ಹಾಗೆ. ನೆಲದ ಮೇಲೆ ಮನೆ ಕಟ್ಟಿದರೆ ಬೇಸಿಗೆಯಲ್ಲಿ ಬೆಂದು ಹೋಗುತ್ತೇವೆಂದು ನೆಲದೊಳಗೆ ತೋಡಿಕೊಂಡು ಇರುತ್ತೇವೆ. ಅದಕ್ಕೆ ತಗ್ಗುಮನೆ ಎನ್ನುತ್ತೇವೆ. ಇಳಿಯುವುದಕ್ಕೆ ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲಿ ಬಾಗಿಲು. ಆ ಬಾಗಿಲು ಮರದ್ದಲ್ಲ, ಉಣ್ಣೆಯದು. ಏಪ್ರಿಲ್ ಹುಟ್ಟಿತೆಂದರೆ ಕೆಂಗಾಳಿ ಏಳುತ್ತದೆ, ಅಂದರೆ ಹಿಟ್ಟಿಗಿಂತ ನುಣ್ಣನೆಯ ಕೆಂಪು ದೂಳು ಹೊತ್ತ ಗಾಳಿ. ಮರದ ಬಾಗಿಲಾದರೆ ಸಂದಿಯಲ್ಲಿ ನುಗ್ಗಿ ಬರುತ್ತದೆ. ಒತ್ತಿ ಒತ್ತಿ ಗಟ್ಟಿ ಮಾಡಿದ ಉಣ್ಣೆಯ ಹಾಸನ್ನು ನೀರು ಚಿಮುಕಿಸಿ ಇಳಿಬಿಟ್ಟರೆ ದೂಳು ಅದರಲ್ಲೇ ನಿಲ್ಲುತ್ತದೆ, ಒಳಗೆ ತಂಪೂ ಇರುತ್ತದೆ. ಇದಕ್ಕೆ ನಾವು ಬಾಗಿಲುಗಂಬಳಿ ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಹೆಚ್ಚಿನವರು ಉಣ್ಣೆ ನೂತು ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರಂತೆ. ಇದರಲ್ಲಿ ನೂಲೂ ಇಲ್ಲ, ನೇಯ್ಗೆಯೂ ಇಲ್ಲ. ಸೂಜಿ ಚುಚ್ಚಿ ಉಣ್ಣೆ ಹಾಸು ಮಾಡುವ ಯಂತ್ರವೊಂದು ಪಕ್ಕದ ಸೀಮೆಯಲ್ಲಿದೆ. ಅದರ ಹಾಸು ಮಲಗುವುದಕ್ಕೆ ಸುಖ, ಬಾಗಿಲಿಗೆ ಬಾರದು. ಸೂಜಿ ಹೋದ ದಾರಿಯಲ್ಲೇ ದೂಳೂ ಬರುತ್ತದೆ.

ಕೆಲಸದ ಕ್ರಮ ನಿಮಗೆ ಹೇಳುವುದು ಅಧಿಕಪ್ರಸಂಗವೇ ಸರಿ, ಆದರೂ ನಮ್ಮ ಪದ್ಧತಿ ಬದಲಾಗಿದೆಯೋ ಏನೋ, ಕೇಳಿ. ಉಣ್ಣೆಯನ್ನು ಬಿಲ್ಲಿನ ಹೆದೆಯಿಂದ ಮಿಡಿದು ಹಗುರ ಮಾಡುತ್ತೇವೆ. ಚಾಪೆಯ ಮೇಲೆ ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಹರಡುತ್ತೇವೆ. ಬಾಗಿಲಿಗಿಂತ ಬಹಳ ದೊಡ್ಡದಾಗಿಯೇ ಹರಡಬೇಕು, ಒತ್ತಿದಂತೆ ಅದು ಕುಗ್ಗುತ್ತ ಬರುತ್ತದೆ. ಅಂಟುವಾಳದ ಬಿಸಿ ನೊರೆ ಚಿಮುಕಿಸಿ, ಚಾಪೆ ಸಮೇತ ಸುರುಳಿ ಸುತ್ತಿ, ಮೊಣಕೈ ಕೊಟ್ಟು ಉರುಳಿಸುತ್ತೇವೆ. ಎಳೆಗಳು ಒಂದನ್ನೊಂದು ಹಿಡಿದುಕೊಂಡ ಮೇಲೆ ಚಾಪೆ ಬಿಚ್ಚಿ ಒತ್ತುಮಣೆಗೆ ಹಾಕುತ್ತೇವೆ. ಮಣೆಯ ಎರಡು ತುದಿಗೆ ಇಬ್ಬರು ಎದುರುಬದುರು ಮೊಣಕಾಲೂರಿ, ನಡುವೆ ಅಡ್ಡಡ್ಡ ಕೊರೆದ ಗೀರುಗಳ ಮೇಲೆ ಹಸಿ ಸುರುಳಿಯನ್ನು ಆಚೆಯವರು ತಳ್ಳಿದರೆ ಈಚೆಯವರು ಒತ್ತಿ ಹಿಂದಕ್ಕೆ ಕಳಿಸಬೇಕು. ಮದುವೆಯಾಗುವವರ ಬಾಗಿಲಾದರೆ ಒಂದು ತುದಿಗೆ ಹೆಣ್ಣಿನ ತಾಯಿ, ಇನ್ನೊಂದು ತುದಿಗೆ ಗಂಡಿನ ತಾಯಿ. ಒಂದು ಹೊತ್ತು ಹೀಗೆ ಮುಖ ನೋಡಿಕೊಂಡು ಬೆವರು ಸುರಿಸಿದರೆ ಬೀಗಿತ್ತಿಯರು ಆಮೇಲೆ ಜಗಳವಾಡುವುದಿಲ್ಲ ಎಂದು ಹಿರಿಯರ ಲೆಕ್ಕ. ಲೆಕ್ಕ ಎಲ್ಲ ಸಲವೂ ಸರಿ ಬರುವುದಿಲ್ಲ.

ನಮ್ಮ ಮನೆಯ ಮಣೆ ಊರಿಗೇ ಹಳೆಯದು, ನಿಮ್ಮ ಕಾಲದಿಂದ ತಾಯಿಯಿಂದ ಮಗಳಿಗೆ ಬಂದದ್ದು. ಹಬ್ಬದ ದಿನ ಬೇರೆ ಮನೆಯವರು ಬಂದು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಅದರ ಗೀರುಗಳು ಸವೆದು ಸವೆದು ನನ್ನ ಅಂಗೈಯಷ್ಟು ನುಣುಪಾಗಿದ್ದವು. ಹಿರಿಯರ ಬೆವರು ಬಿದ್ದು ಹಾಗಾಗಿದೆ ಎಂದು ನಾವು ಹೆಮ್ಮೆಪಡುತ್ತಿದ್ದೆವು. ಹೊಸ ಮಣೆಯ ಮನೆಗಳಲ್ಲಿ ಬಾಗಿಲುಗಂಬಳಿ ಕಲ್ಲಿನ ಹಾಗೆ ಬರುತ್ತಿತ್ತು, ನಮ್ಮಲ್ಲಿ ಯಾಕೋ ಸಡಿಲ. ನಮ್ಮವ್ವ ಕುರಿಯನ್ನು ಬೈಯುತ್ತಿದ್ದಳು, ಆಮೇಲೆ ನೀರನ್ನು, ಆಮೇಲೆ ಎದುರಿಗೆ ಕೂತ ಬೀಗಿತ್ತಿಯ ತೋಳನ್ನು. ಮಣೆಯ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ.

ಹೋದ ತಿಂಗಳು ನನ್ನ ಮಗಳು ಓಬಳಿಗೂ ಪಾಲಯ್ಯ ಎಂಬ ಹುಡುಗನಿಗೂ ಮದುವೆಯಾಯಿತು. ಊರಿನವರೆಲ್ಲ ಸೇರಿ ಅವರಿಗೊಂದು ತಗ್ಗುಮನೆ ತೋಡಿದರು. ನಮ್ಮ ಕಟ್ಟಳೆಯ ಪ್ರಕಾರ ಕೆಂಗಾಳಿ ಬರುವುದರೊಳಗೆ ಬಾಗಿಲು ಇಳಿಬಿಡಬೇಕು. ತಪ್ಪಿದರೆ ಆ ಮನೆ ಕಾಯುತ್ತಿರುವ ಮುಂದಿನ ಜೋಡಿಗೆ ಹೋಗುತ್ತದೆ. ತೆರೆದ ಮನೆಗೆ ದೂಳು ತುಂಬಿದರೆ ಊರಿನ ದುಡಿಮೆ ಮಣ್ಣುಪಾಲಾಗುತ್ತದಲ್ಲ, ಕಟ್ಟಳೆಯಲ್ಲಿ ತಪ್ಪಿಲ್ಲ. ಓಬಳಿ ಆಗಲೇ ಆ ಮನೆಯ ಗೋಡೆಗೆ ಸುಣ್ಣ ಬಳಿದು, ಒಲೆ ಹಾಕಿ, ಪಾತ್ರೆ ಜೋಡಿಸಿಟ್ಟಿದ್ದಳು. ನಾನೂ ಪಾಲಯ್ಯನ ತಾಯಿ ಬೋರಕ್ಕನೂ ಎದುರುಬದುರು ಕೂತು ಒತ್ತಿದೆವು. ಹಾಸು ನೋಡುವುದಕ್ಕೆ ಲಕ್ಷಣವಾಗಿಯೇ ಇತ್ತು. ಒತ್ತಿದ ಬಾಗಿಲನ್ನು ಗಂಡಿನ ತಾಯಿ ಚಿವುಟಿ ಎಳೆದರೆ ಎಳೆ ಏಳಬಾರದು, ಅದೇ ನಮ್ಮ ಪರೀಕ್ಷೆ. ಪರೀಕ್ಷೆಯ ಹೊತ್ತಿಗೆ ಬೋರಕ್ಕ ಮಧ್ಯದಲ್ಲಿ ಚಿವುಟಿ ಎಳೆದಳು. ಮೇಲಿನ ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಮೇಲೆ ತೊಗಲು ಕಟ್ಟಿತ್ತು, ಒಳಗಿನ ಉಣ್ಣೆ ಮಿಡಿದಿಟ್ಟಾಗ ಹೇಗಿತ್ತೋ ಹಾಗೇ ಇತ್ತು. ಬೋರಕ್ಕ ಒಳ್ಳೆಯ ಹೆಂಗಸು, ಎದ್ದ ಪದರವನ್ನು ಮತ್ತೆ ಸವರಿ ಕೂರಿಸಿದಳು. ಬೈದಿದ್ದರೇ ಚೆನ್ನಾಗಿತ್ತು. ಓಬಳಿ ಎದ್ದು ತನ್ನ ತಗ್ಗುಮನೆಗೆ ಹೋಗಿ ಪಾತ್ರೆಗಳನ್ನು ಬುಟ್ಟಿಗೆ ತುಂಬತೊಡಗಿದಳು. ನಾನು ಉಣ್ಣೆಯ ಮೂಟೆ ತಡವಿ ನೋಡಿದೆ. ಮನೆಯಲ್ಲಿ ಇನ್ನೊಂದೇ ಬಾಗಿಲಿಗಾಗುವಷ್ಟು ಉಣ್ಣೆ ಇತ್ತು.

ಓಬಳಿಗೆ ಗಾಳಿಗಿರಣಿ ರಿಪೇರಿ ಕೆಲಸ. ಗಿರಣಿಯ ಚಕ್ರದ ಮರದ ಹಲ್ಲು ಸವೆದರೆ ಬಿಚ್ಚಿ ಹೊಸದು ಕೆತ್ತಿ ಕೂರಿಸುತ್ತಾಳೆ, ಅವಳಿಗೆ ಮರ ಮಾತಾಡುತ್ತದೆ. ಮಾರನೆಯ ಬೆಳಗ್ಗೆ ಮಣೆಯನ್ನು ಅಂಗಳಕ್ಕೆ ಎಳೆದು ತಂದು ಬಿಸಿಲಿಗೆ ಓರೆ ಮಾಡಿ ನೋಡಿದಳು. ಮಣೆಯ ಎರಡು ತುದಿ ದಪ್ಪ, ಮೊಣಕಾಲೂರುವ ಜಾಗದಲ್ಲಿ ಗುಳಿ ಬಿದ್ದಿದೆ. ನಡುಭಾಗ ತಗ್ಗು. ತುದಿಯಿಂದ ತಗ್ಗಿಗೆ ಇಳಿಯುವ ಕಡೆ ಬೆರಳಾಡಿಸಿ ನನ್ನನ್ನು ಕರೆದಳು. "ಅವ್ವಾ, ಇಲ್ ನೋಡು. ಉಜ್ಜಿ ಸವೆದಿದ್ರೆ ಉಂಡಗಿರ್ತಿತ್ತು, ನಿನ್ ಮೊಣಕಾಲ್ ಗುಳಿ ಐತಲ್ಲ, ಹಂಗೆ. ಇದು ಮೂಲೆ ಹೊಡ್ದಂಗೈತೆ. ಉಳಿ ಹಾಕಿ ಕೆತ್ತಿರಾದು. ಒಂದ್ಸಲ ಅಲ್ಲ, ಗೀರು ಸವೆದಂಗೆಲ್ಲ ಕೆತ್ತವ್ರೆ." ನಾನು ಬೆರಳಿಟ್ಟು ನೋಡಿದೆ. ಅಷ್ಟು ವರ್ಷ ಅದೇ ಮಣೆಯ ಮೇಲೆ ಸೊಂಟ ಮುರಿದುಕೊಂಡಿದ್ದೇನೆ, ಆ ಮೂಲೆ ನನ್ನ ಬೆರಳಿಗೆ ಎಂದೂ ಸಿಕ್ಕಿರಲಿಲ್ಲ. ನಿಮ್ಮ ಪರಿಚಯವಾದದ್ದು ನನಗೆ ಆವತ್ತು.

ಗೀರುಗಳನ್ನು ನಾವೂ ಮತ್ತೆ ಕೆತ್ತಬೇಕೆಂಬ ಅವಳ ಇಂಗಿತ ನನಗೆ ತಕ್ಷಣ ಹೊಳೆಯಿತು, ಹೊಳೆದದ್ದಕ್ಕೇ ಹೆದರಿಕೆಯೂ ಆಯಿತು. ನನ್ನ ಸೋದರಮಾವ ಕಾಟಯ್ಯಮಾವ ಮನೆಯ ಹಿರಿಯ. ಹಬ್ಬಕ್ಕೆ ಮಣೆ ತೊಳೆದು ವಿಭೂತಿ ಹಚ್ಚುವವನು ಅವನೇ. ವಿಷಯ ಕಿವಿಗೆ ಬೀಳುತ್ತಲೇ ಕೋಲೂರಿಕೊಂಡು ಅಂಗಳಕ್ಕೆ ಬಂದು ನನ್ನ ಮೇಲೆ ಹರಿಹಾಯ್ದ. "ನಿಮ್ಮವ್ವ ಕುಂತ ಮಣೆ ಕಣೇ ಅದು. ಅವಳವ್ವ ಕುಂತಿದ್ದು. ಅದುಕ್ಕೆ ಉಳಿ ಹಾಕ್ತೀಯ? ನಾಳಿಕ್ಕೆ ನನ್ ಬೆನ್ನಿಗೂ ಹಾಕು, ಅದೂ ಸವೆದೈತೆ." ನನಗೆ ನಗುವೂ ಬಂತು, ಅಳುವೂ ಬಂತು. ಅವನ ಮಾತು ಸುಳ್ಳಲ್ಲ. ಆ ನುಣುಪನ್ನು ನಾನೂ ಸಣ್ಣವಳಿದ್ದಾಗಿನಿಂದ ಸವರಿದ್ದೇನೆ, ಅವ್ವ ತೀರಿಹೋದ ವರ್ಷ ಅದರ ಮೇಲೆ ಕೆನ್ನೆಯಿಟ್ಟು ಅತ್ತಿದ್ದೇನೆ. ಅದನ್ನು ಕೆತ್ತಿದರೆ ಅವಳನ್ನೇ ಕೆತ್ತಿ ಬಿಸಾಡಿದಂತೆ ಎನಿಸಿತು. ಇನ್ನೊಂದು ಕಡೆ ಓಬಳಿಯ ಪಾತ್ರೆಯ ಬುಟ್ಟಿ ಮೆಟ್ಟಿಲಿನ ಮೇಲೆ ಕೂತಿತ್ತು. ಹೊಸ ಮಣೆಯ ಮನೆಯವರನ್ನು ಕೇಳಿಕೊಳ್ಳಬಹುದಿತ್ತಲ್ಲ ಎನ್ನುತ್ತೀರೇನೋ. ಮಗಳ ಬಾಗಿಲನ್ನು ತಾಯಿಯ ಮಣೆಯಲ್ಲೇ ಒತ್ತಬೇಕು, ಬೇರೆ ಮಣೆಯಲ್ಲಿ ಒತ್ತಿದ ಬಾಗಿಲನ್ನು ಪರೀಕ್ಷೆಗೇ ತೆಗೆದುಕೊಳ್ಳುವುದಿಲ್ಲ.

ಆಗ ನಾನು ಮಣೆಯ ತುದಿಗೆ ಮೊಣಕಾಲೂರಿ ಕೂತೆ, ಸುಮ್ಮನೆ, ಅಭ್ಯಾಸಬಲದಿಂದ. ನನ್ನ ಮೊಣಕಾಲು ಅವ್ವನ ಗುಳಿಯಲ್ಲಿ ಸರಿಯಾಗಿ ಇಳಿಯಿತು. ನೀವು, ನಿಮ್ಮ ನಂತರದವರು, ಎಷ್ಟು ಸಲ ಉಳಿ ಹಾಕಿದ್ದೀರೋ, ಒಂದು ಸಲವೂ ಈ ತುದಿಗಳನ್ನು ಮುಟ್ಟಿಲ್ಲ. ಕೂತವರ ಗುರುತು ಪೂರ್ತಿ ಹಾಗೇ ಇದೆ, ಕೆಲಸ ಮಾಡುವ ಗೀರುಗಳನ್ನಷ್ಟೇ ಹೊಸದು ಮಾಡಿದ್ದೀರಿ. ಮಾವನನ್ನು ಕರೆದು ಅವನ ಕೈಯನ್ನು ಮೊದಲು ಗುಳಿಯಲ್ಲಿಟ್ಟೆ, ಆಮೇಲೆ ಆ ಮೂಲೆಯಲ್ಲಿ. ಅವನು ಬಹಳ ಹೊತ್ತು ತಡವಿ ನೋಡಿದ. ಒಪ್ಪಿದೆ ಎನ್ನಲಿಲ್ಲ. "ಕೆತ್ತಿದ ಚಕ್ಕೆ ಕಸಕ್ಕ್ ಹಾಕಬ್ಯಾಡ್ರಿ" ಎಂದಷ್ಟೇ ಹೇಳಿ ನೆರಳಿಗೆ ಹೋಗಿ ಕೂತ.

ಮನೆಯಲ್ಲಿ ಹುಡುಕಿದರೆ ಒಂದು ಉಳಿಯೂ ಸಿಗಲಿಲ್ಲ. ಮಣೆ ತಲೆಮಾರುಗಳಿಂದ ಬಂದಿದೆ, ಅದನ್ನು ಕೆತ್ತುವ ಉಳಿ ನಡುವೆ ಯಾರ ಕಾಲದಲ್ಲೋ ಕಳೆದುಹೋಗಿದೆ. ಯಾರೂ ಅದನ್ನು ತೊಳೆದು ವಿಭೂತಿ ಹಚ್ಚಿರಲಿಕ್ಕಿಲ್ಲ. ಉಳಿ ಹೋದ ಮೇಲೆ ಗೀರು ಸವೆಯಿತು, ಸವೆದದ್ದನ್ನು ನಾವು ದೊಡ್ಡಸ್ತಿಕೆ ಎಂದುಕೊಂಡೆವು. ಓಬಳಿ ತನ್ನ ಗಿರಣಿಯ ಉಳಿಯನ್ನೇ ತಂದಳು. ಮೊದಲ ಏಟು ನಾನೇ ಹಾಕಬೇಕೆಂದಳು, ಹಾಕಿದೆ, ಗೀರು ಸೊಟ್ಟ ಹೋಯಿತು. ಚಕ್ಕೆ ಎದ್ದ ಕಡೆ ಹಳೆಯ ಕುರಿಯ ವಾಸನೆ, ಅಂಟುವಾಳದ ವಾಸನೆ ಬಂತು. ಅದು ನಮ್ಮವ್ವನ ಸೆರಗಿನ ವಾಸನೆ. ಮಿಕ್ಕ ಗೀರುಗಳನ್ನು ಇಬ್ಬರೂ ಸೇರಿ ಕೆತ್ತಿದೆವು. ಮಾವ ಚಕ್ಕೆಗಳನ್ನೆಲ್ಲ ಆಯ್ದು ತನ್ನ ಟವೆಲ್ಲಿಗೆ ಕಟ್ಟಿಕೊಂಡ. ಎಲ್ಲಿಟ್ಟಿದ್ದಾನೆಂದು ಇವತ್ತಿಗೂ ಹೇಳಿಲ್ಲ. ದಿಂಬಿನೊಳಗೆ ಎಂದು ನನ್ನ ಅನುಮಾನ.

ಎರಡನೆಯ ಬಾಗಿಲನ್ನು ಒತ್ತಿದ ದಿನ ಸುರುಳಿ ಮಾಡುವ ಸದ್ದೇ ಬೇರೆಯಾಗಿತ್ತು. ನುಣುಪು ಮಣೆಯ ಮೇಲೆ ಅದು ಜಾರುತ್ತಿತ್ತು, ಈಗ ಗೀರು ಗೀರಿಗೂ ಹಿಡಿದುಕೊಂಡು, ಹಿಂಡಿ, ಬಿಟ್ಟು ಮುಂದೆ ಹೋಗುತ್ತಿತ್ತು. ಹಾಸು ಕುಗ್ಗುವುದು ಕೈಗೇ ತಿಳಿಯುತ್ತಿತ್ತು. ಬೋರಕ್ಕ ಸುಸ್ತಾಗಿ ತೋಳು ಕೆಳಗಿಟ್ಟಾಗ, ಕರೆಯದೆಯೇ ಕಾಟಯ್ಯಮಾವ ಬಂದು ಅವಳ ಜಾಗದಲ್ಲಿ ಮೊಣಕಾಲೂರಿದ. ಗಂಡಸರು ಆ ತುದಿಗೆ ಕೂರುವ ಪದ್ಧತಿ ಇಲ್ಲ. "ಏನ್ ನೋಡ್ತೀರ, ತಳ್ರಿ" ಎಂದ, ತಳ್ಳಿದೆವು. ಪರೀಕ್ಷೆಯ ಹೊತ್ತಿಗೆ ಬೋರಕ್ಕ ಚಿವುಟಿದಳು, ಜಾಗ ಬದಲಾಯಿಸಿ ಚಿವುಟಿದಳು, ಕೊನೆಗೆ ಹಲ್ಲಿನಿಂದ ಕಚ್ಚಿಯೂ ಎಳೆದಳು. ಒಂದು ಎಳೆಯೂ ಬರಲಿಲ್ಲ. ಓಬಳಿ ಪಾತ್ರೆಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹಾಡುತ್ತ ತನ್ನ ಮನೆಯ ಮೆಟ್ಟಿಲು ಇಳಿದಳು. ಹಿಂದೆ ಬಾಗಿಲು ಇಳಿಬಿದ್ದಾಗ ಅವಳ ಹಾಡು ನಮಗೆ ಕೇಳಿಸದಾಯಿತು. ಅಷ್ಟು ಗಟ್ಟಿ ಬಾಗಿಲು. ನಾನು ಹೊರಗೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಇನ್ನು ನನ್ನ ಕೋರಿಕೆ. ಉಪಕರಣಗಳನ್ನು ನಮಗೆಂದು ಕಾದಿಡುವಾಗ ಅವುಗಳನ್ನು ರಿಪೇರಿ ಮಾಡುವ ಸಾಮಾನನ್ನೂ ಜೊತೆಗೆ ಕಟ್ಟಿಡಿ. ಮಣೆಗೆ ಉಳಿ, ಬಿಲ್ಲಿಗೆ ಹೊಸ ಹೆದೆ, ಕತ್ತರಿಗೆ ಸಾಣೆಕಲ್ಲು. ಎಣ್ಣೆ ಹಚ್ಚಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಹೋಗಬೇಡಿ. ನಿಮ್ಮನ್ನು ಪೂಜಿಸುವುದು ನಮಗೆ ಬಹಳ ಸುಲಭ, ಅದನ್ನು ಚೆನ್ನಾಗಿ ಮಾಡುತ್ತೇವೆ. ನಾವು ಎಲ್ಲಿ ಕೈ ಹಾಕಬಹುದೆಂದು ನೀವು ಬಿಟ್ಟುಕೊಟ್ಟಿದ್ದಿರಿ ಎಂಬುದು ತಿಳಿಯದೆ ಕಷ್ಟವಾಯಿತು.

ನಾನು ಗಿರಣಿಯಿಂದ ಒಂದು ಉಳಿ ಮಾಡಿಸಿ ತಂದು ಮಣೆಯ ತುದಿಯ ಹಿಡಿಗೆ ಉಣ್ಣೆಯ ಹಗ್ಗದಲ್ಲಿ ಕಟ್ಟಿದ್ದೇನೆ. ಮಾವ ಈಗಾಗಲೇ ಅದಕ್ಕೂ ವಿಭೂತಿ ಹಚ್ಚಲು ಶುರು ಮಾಡಿದ್ದಾನೆ, ಅದು ನನಗೆ ದಿಗಿಲು. ನಾಳೆ ಉಳಿಯನ್ನೂ ಮುಟ್ಟಬಾರದು ಎಂದಾರು. ಅದಕ್ಕೆ ಇನ್ನೊಂದು ಕೆಲಸ ಮಾಡಿದ್ದೇನೆ, ನಿಮಗೆ ಮಾತ್ರ ಹೇಳುತ್ತೇನೆ. ಕೊನೆಯ ಗೀರನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದ್ದೇನೆ. ಓಬಳಿಗೆ ಅರ್ಧ ಕೆಲಸ ಕಂಡರೆ ಆಗುವುದಿಲ್ಲ, ಬಂದಾಗಲೆಲ್ಲ ಅದರ ಮೇಲೆ ಬೆರಳಾಡಿಸಿ ನನ್ನನ್ನು ಬೈಯುತ್ತಾಳೆ. ಬೈಯಲಿ. ನಾನು ಹೋದ ಮೇಲೆ, ಆ ಗೀರನ್ನು ಮುಗಿಸುವುದಕ್ಕಾದರೂ ಅವಳು ಉಳಿ ಕೈಗೆ ತೆಗೆದುಕೊಳ್ಳುತ್ತಾಳೆ.